ಅತ್ತೆ ಕಾಯಿ ಒಡೆದ ಗಾರ್ಡು

ಕಣ್ಣು ಮುಚ್ಚಿದರೆ ಈಗಲೂ ನನಗೆ ಮೊದಲು ಕಾಣುವುದು ಒಂದು ಚಪ್ಪಲಿ. ಅಥಣಿಯಲ್ಲಿ ಅಳತೆ ಕೊಟ್ಟು ಮಾಡಿಸಿದ, ನಡೆದರೆ ಕಿರಕಿರ ಸದ್ದು ಮಾಡುವ ಚರ್ಮದ ಚಪ್ಪಲಿ. ಎಡಗಾಲಿನದು. ಅದು ಡಾಂಬರಿನ ಮೇಲೆ ಒಂಟಿಯಾಗಿ ಬಿದ್ದಿದೆ. ಅದರ ಮೇಲೆ ಅಡ್ಡಲಾಗಿ ದೊಡ್ಡ ಟಯರಿನ ಅಚ್ಚು ಮೂಡಿದೆ. ಹೆಬ್ಬೆರಳು ತೂರಿಸುವ ಉಂಗುರ ಹರಿದು ಪಕ್ಕಕ್ಕೆ ಹೊರಳಿದೆ.

ಆ ಚಪ್ಪಲಿಯೊಳಗೆ ಇರಬೇಕಾಗಿದ್ದ ಕಾಲು ನಮ್ಮವರದು. ಅವರು ಲೈನ್‌ಮನ್. ಕರೆಂಟು ಹೋದಾಗ ನಮ್ಮ ರಾಯಬಾಗದ ಸುತ್ತಿನ ಹಳ್ಳಿಗಳ ಜನ ದೇವರಿಗಿಂತ ಮೊದಲು ನೆನೆಯುವುದು ಇವರನ್ನೇ. ನೆನೆಯುವ ರೀತಿ ಮಾತ್ರ ಬೇರೆ. ಕಂಬ ಹತ್ತುವುದು ಅವರಿಗೆ ಕೆಲಸವೂ ಹೌದು, ಹೆಮ್ಮೆಯೂ ಹೌದು. ಮೇಲೆ ನಿಂತರೆ ಕಬ್ಬಿನ ಹೊಲಗಳು ಮುಗಿಯುವ ಗೆರೆ ಕಾಣುತ್ತದೆ, ಕೃಷ್ಣಾ ನದಿಯ ಬೆಳಕು ಕಾಣುತ್ತದೆ ಎಂದು ಮದುವೆಯಾದ ಹೊಸತರಲ್ಲಿ ನನಗೆ ಹೇಳಿದ್ದರು. ಆ ಕಾಲು ಹೋಗಿದ್ದರೆ ಅವರಿಗೆ ಏನೇನು ಹೋಗುತ್ತಿತ್ತು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಯಾಕೆಂದರೆ ಅದೇ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವರ ಜೊತೆಯ ಲೈನ್‌ಮನ್ ಒಬ್ಬರಿಗೆ ಹಾಗೇ ಆಗಿತ್ತು.

ಆ ಜೊತೆಯವರು ಬಿದ್ದದ್ದು ಜೋರಾಗಿ ಅಲ್ಲ. ತಿರುವಿನಲ್ಲಿ ಉಸುಕು ಹರಡಿತ್ತು, ಗಾಡಿ ನಿಧಾನವಾಗಿ ಮಗ್ಗುಲಾಯಿತು, ಅಷ್ಟೇ. ಆದರೆ ಇಡೀ ಬೈಕು ಮೊಣಕಾಲಿನ ಕೆಳಗೆ ಎಲುಬಿನ ಮೇಲೆ ಕೂತಿತು. ಈಗ ಅವರು ಆಫೀಸಿನಲ್ಲಿ ಕುಳಿತು ಫೋನಿನಲ್ಲಿ ಬರುವ ದೂರು ಬರೆದುಕೊಳ್ಳುತ್ತಾರೆ. ಜೊತೆಯವರು ಅವರನ್ನು ಪ್ರೀತಿಯಿಂದಲೇ "ಸಾಹೇಬ್ರ" ಎಂದು ಕರೆಯುತ್ತಾರೆ. ನಾವು ನೋಡಲು ಹೋದಾಗ ಅವರು ಆ ಮಾತಿಗೆ ನಕ್ಕರು. ನಗುತ್ತಲೇ ಕಿಟಕಿಯಾಚೆ ಕಂಬದ ಕಡೆಗೆ ನೋಡಿದರು. ಅವತ್ತು ಮನೆಗೆ ಬಂದ ಮೇಲೆ ನಾನು ನಮ್ಮವರ ಬೈಕಿನ ಮುಂದೆ ಬಗ್ಗಿ ನೋಡಿದೆ. ಬಿದ್ದವರ ಬೈಕಿನ ಹಾಗೆ ಇದಕ್ಕೂ ಲೆಗ್ ಗಾರ್ಡ್, ಅಂದರೆ ಬಿದ್ದಾಗ ಕಾಲು ಸಿಕ್ಕದಂತೆ ಎಂಜಿನ್ನಿನ ಮುಂದೆ ಕೂಡಿಸುವ ಕಬ್ಬಿಣದ ಬಳೆ, ಇರಲಿಲ್ಲ. ಸೆಕೆಂಡ್ ಹ್ಯಾಂಡ್ ಕೊಂಡದ್ದು. ಹಳೆಯ ಮಾಲೀಕ ತುಕ್ಕು ಹಿಡಿಯಿತೆಂದು ಬಿಚ್ಚಿ ಎಸೆದಿದ್ದನಂತೆ.

ಗಾರ್ಡ್ ಹಾಕಿಸಬೇಕು ಎಂದು ಹಟ ಹಿಡಿದವಳು ನಾನು. ಬಿ.ಎಸ್ಸಿ. ಓದಿದ್ದೇನೆ, ಒಂದು ಸಹಕಾರಿ ಸಂಘದಲ್ಲಿ ಕೆಲಸ ಮಾಡುತ್ತೇನೆ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಮೊಬೈಲ್ ಹಿಡಿದು ನೋಡತೊಡಗಿದೆ. ಕಂಪನಿಯ ಗಾರ್ಡಿನ ಬೆಲೆ ಕೇಳಿದಾಗ ನಮ್ಮವರು ಅದಕ್ಕಿಂತ ಕಾಲೇ ಅಗ್ಗ ಎಂದು ತಮಾಷೆ ಮಾಡಿದರು. ಆ ತಮಾಷೆ ನನಗೆ ಹಿಡಿಸಲಿಲ್ಲ. ಆನ್‌ಲೈನ್‌ನಲ್ಲಿ ಎಂಜಿನ್ನಿನ ಎರಡೂ ಮಗ್ಗುಲಿಗೆ ಕೂಡಿಸುವ ನೈಲಾನ್ ಗುಂಡುಗಳಿದ್ದವು. ದೊಡ್ಡ ಬೈಕುಗಳ ಹುಡುಗರು ಅವನ್ನು ಹೊಗಳುತ್ತಿದ್ದರು. ಅವು ಬೈಕಿನ ಬಣ್ಣ ಉಳಿಸುತ್ತವೆಯೇ ಹೊರತು ಲೈನ್‌ಮನ್‌ನ ಕಾಲನ್ನಲ್ಲ ಎನ್ನಿಸಿತು. ಮುಗಳಖೋಡದಲ್ಲಿ ವೆಲ್ಡಿಂಗ್ ಮಾಡುವವರೊಬ್ಬರು ನೀರಿನ ಪೈಪಿನಿಂದಲೇ ಗಾರ್ಡ್ ಮಾಡಿಕೊಡುತ್ತಾರೆ ಎಂದು ಯಾರೋ ಹೇಳಿದರು. ಹೋಗಿ ನೋಡಿದೆವು. ಅದು ಹಾಲಿನ ಕ್ಯಾನು ಹೊರುವವರಿಗಾಗಿ ಮಾಡಿದ ಗಾರ್ಡು. ಎರಡೂ ಕಡೆ ಕ್ಯಾನು ತೂಗುಹಾಕುವ ಕೊಂಡಿ, ಹ್ಯಾಂಡಲ್ಲಿಗಿಂತ ಅಗಲ, ಎತ್ತಿದರೆ ನನ್ನ ಸೊಂಟ ಹಿಡಿಯುವಷ್ಟು ಭಾರ. ನಮ್ಮವರಿಗೆ ಅದು ಮನಸ್ಸಿಗೆ ಬಂತು. ಟ್ರ್ಯಾಕ್ಟರ್ ಬಂದು ಗುದ್ದಿದರೂ ಏನೂ ಆಗುವುದಿಲ್ಲ ಎಂದರು. ಗಾರ್ಡಿಗೆ ಏನೂ ಆಗುವುದಿಲ್ಲ, ಆ ಪೆಟ್ಟು ಚಾಸಿಗೆ ಹೋಗುತ್ತದೆ, ಅಲ್ಲಿಂದ ನಿಮಗೆ ಬರುತ್ತದೆ ಎಂದು ನಾನು ವಾದಿಸಿದೆ. ಅಷ್ಟರಲ್ಲಿ ಅಲ್ಲೇ ಚಹಾ ಕುಡಿಯುತ್ತಿದ್ದ ಅವರ ಪರಿಚಯದವನೊಬ್ಬ, "ಏನಪಾ, ನೌಕರಿ ಬಿಟ್ಟು ಹಾಲ ಹಾಕಾಕ ಹೊಂಟಿಯೇನು?" ಎಂದ. ಆ ಒಂದು ಮಾತಿಗೆ ನನ್ನ ಅಷ್ಟೂ ವಾದಕ್ಕಿಂತ ಹೆಚ್ಚು ಬಲವಿತ್ತು. ನಮ್ಮವರು ಆ ಗಾರ್ಡನ್ನು ಮತ್ತೆ ಮುಟ್ಟಲಿಲ್ಲ.

ಕೊನೆಗೆ ಚಿಕ್ಕೋಡಿಯ ಬಸ್ ನಿಲ್ದಾಣದ ಹತ್ತಿರದ ಅಂಗಡಿಯಿಂದ ಒಂದನ್ನು ತಂದೆವು. ಬೆಳ್ಳಿಯ ಲೋಟದ ಹಾಗೆ ಹೊಳೆಯುತ್ತಿತ್ತು. ಬೆಲೆ ನಾವು ಅಂದುಕೊಂಡದ್ದಕ್ಕಿಂತ ಕಡಿಮೆಯಿತ್ತು. ಅದಕ್ಕೇ ಸಂಶಯ ಬರಬೇಕಿತ್ತು, ಆದರೆ ಆ ಹೊಳಪಿನಲ್ಲಿ ಇಬ್ಬರ ಮುಖವೂ ಚಂದ ಕಾಣುತ್ತಿತ್ತು.

ದೀಪಾವಳಿ ಅಮಾವಾಸ್ಯೆ ಬಂತು. ಪ್ರತಿ ಅಮಾವಾಸ್ಯೆಗೆ ನಮ್ಮಲ್ಲಿ ಗಾಡಿ ಪೂಜೆ ತಪ್ಪುವುದಿಲ್ಲ. ಅಂಗಳದಲ್ಲಿ ಬೈಕು, ನನ್ನ ಸ್ಕೂಟರು ಎರಡನ್ನೂ ತೊಳೆದು, ವಿಭೂತಿ ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಕಾಯಿ ಒಡೆಯುವುದು ಅತ್ತೆಯ ಪಾಲಿನ ಕೆಲಸ. ಅವರು ಕೊಕಟನೂರ ಕಡೆಯವರು, ಅಲ್ಲಿಯ ಗುಡಿಯ ದೇವಿಯನ್ನು ತಾಯಿ ಎಂದೇ ಕರೆಯುವವರು. ಕೈ ಬಲು ಗಟ್ಟಿ. ತೆಂಗಿನಕಾಯಿ ಒಂದೇ ಪೆಟ್ಟಿಗೆ ಎರಡು ಸಮ ಹೋಳಾಗಬೇಕು. ಎರಡನೇ ಪೆಟ್ಟು ಬೇಕಾದರೆ ಅದು ಕಾಯಿಯ ತಪ್ಪಲ್ಲ, ಮನಸ್ಸಿನ ತಪ್ಪು ಎನ್ನುವವರು. ಎಂದಿನ ಹಾಗೆ ಹೊಸ್ತಿಲ ಪಕ್ಕದ ಕಲ್ಲಿಗೆ ಒಡೆಯುವ ಬದಲು, ಹೊಸ ವಸ್ತು ಬಂದಿದೆ, ಅದಕ್ಕೇ ಮೊದಲ ಮಾನ ಸಲ್ಲಲಿ ಎಂದು ಕಾಯಿಯನ್ನು ಗಾರ್ಡಿನ ಮೇಲೆಯೇ ಹೊಡೆದರು.

ಕಾಯಿ ಒಡೆಯಲಿಲ್ಲ. ಗಾರ್ಡು ಒಳಗೆ ಹೋಯಿತು.

ತಪ್ಪಲೆಗೆ ಬಿದ್ದ ತಗ್ಗಿನ ಹಾಗೆ, ಹೊಳೆಯುವ ಕೊಳವೆಯ ನಡುವೆ ಒಂದು ಗುಂಡಿ. ಅತ್ತೆಯ ಕೈಯಲ್ಲಿ ಕಾಯಿ ಇಡಿಯಾಗಿಯೇ ಇತ್ತು. ಅವರು ಒಮ್ಮೆ ಕಾಯಿಯನ್ನು, ಒಮ್ಮೆ ಗಾರ್ಡನ್ನು ನೋಡಿ ಅಲ್ಲೇ ಕುಳಿತುಬಿಟ್ಟರು. ನಮ್ಮವರು, ಕಲ್ಲು ಅಷ್ಟು ಹತ್ತಿರ ಇರುವಾಗ ಇಲ್ಲಿ ಯಾಕೆ ಹೊಡೆದೆ, ಹೊಸ ವಸ್ತು ಹಾಳು ಮಾಡಿದೆ ಎಂದು ಸಿಡುಕಿದರು. ಅತ್ತೆಗೆ ಅದು ಕೇಳಿಸಲೇ ಇಲ್ಲ. ಅಮಾವಾಸ್ಯೆಯ ದಿನ, ಮಗನ ಗಾಡಿಯ ಮೇಲೆ, ಕಾಯಿ ಒಡೆಯಲಿಲ್ಲ ಎಂಬುದೊಂದೇ ಅವರ ತಲೆಯಲ್ಲಿತ್ತು. ಹೋಳಿಗೆ ಮಾಡಲು ಹೂರಣ ರುಬ್ಬಿಟ್ಟಿದ್ದರೂ ಆ ದಿನ ಅವರು ಒಲೆಯ ಮುಂದೆ ಬರಲಿಲ್ಲ.

ಸಂಜೆ ಅವರ ಪಕ್ಕ ಹೋಗಿ ಕುಳಿತೆ. ಸಮಾಧಾನ ಹೇಳಬೇಕೆಂದಷ್ಟೇ ನನ್ನ ಮನಸ್ಸಿನಲ್ಲಿತ್ತು. ಆದರೆ ಆಡುತ್ತಾ ಆಡುತ್ತಾ ನನಗೇ ಅದು ನಿಜವೆನಿಸಿತು.

"ಅತ್ತಿ, ಇದು ಅಪಶಕುನ ಅಲ್ರಿ. ನಿಮ್ಮ ಕೈಯಾಗಿನ ಕಾಯಿಗೆ ಬಾಗಿದ್ದು, ರೋಡಿಗೆ ತಡೀತಿತ್ತೇನ್ರಿ? ನೀವು ಹೊಡದದ್ದಕ್ಕ ಗೊತ್ತಾತು. ಇಲ್ಲಂದ್ರ ಬಿದ್ದ ಮ್ಯಾಲ ಗೊತ್ತಾಗತಿತ್ತು."

ಅತ್ತೆ ಎದ್ದು ಸೀರೆ ಕೊಡವಿಕೊಂಡರು.

"ಹಂಗಾದ್ರ ತಾಯಿನ ನನ್ನ ಕೈಲೆ ಹೊಡಸ್ಯಾಳ," ಎಂದರು. "ಇನ್ನೊಂದ ಗಾರ್ಡ್ ತರೂವಾಗ ನಾನೂ ಬರ್ತೀನಿ."

ಚಿಕ್ಕೋಡಿಯ ಅಂಗಡಿಯವರು ಬಾಗಿದ ಗಾರ್ಡನ್ನು ವಾಪಸು ತೆಗೆದುಕೊಳ್ಳಲಿಲ್ಲ. ಕಾಯಿ ಹೊಡೆದದ್ದಕ್ಕೆ ವಾರಂಟಿ ಇಲ್ಲವೆಂದರು. ಅದು ನ್ಯಾಯವೇ. ಭಾನುವಾರ ನಾವು ಮೂವರೂ ನಿಪ್ಪಾಣಿಗೆ ಹೊರಟೆವು. ಹೈವೇ ಮೇಲಿನ ಊರು, ಬೀಡಿ ತಂಬಾಕಿನ ಜೊತೆಗೆ ಗಾಡಿಯ ಸಾಮಾನಿನ ಅಂಗಡಿಗಳೂ ಅಲ್ಲಿ ಹೆಚ್ಚು. ನಮ್ಮವರು ಬೈಕಿನ ಮೇಲೆ, ಅತ್ತೆ ನನ್ನ ಸ್ಕೂಟರಿನ ಹಿಂದೆ. ಅವರು ಮಗನ ಹಿಂದೆ ಎಂದೂ ಕೂರುವುದಿಲ್ಲ. ಅವನು ಕರೆಂಟಿನ ತಂತಿ ನೋಡುತ್ತಾ ಗಾಡಿ ಹೊಡೆಯುತ್ತಾನೆ, ಹಿಂದೆ ಕುಳಿತವರನ್ನು ಮರೆಯುತ್ತಾನೆ ಎಂಬುದು ಅವರ ಹಳೆಯ ದೂರು. ನನ್ನ ಬೆನ್ನಿಗೆ ಅವರ ಚೀಲ ಒತ್ತುತ್ತಿತ್ತು. ಅದರೊಳಗೆ ಗುಂಡಗೆ ಗಟ್ಟಿಯಾಗಿ ಏನೋ ಇತ್ತು. ಬುತ್ತಿಯ ಡಬ್ಬಿ ಇರಬೇಕು ಎಂದುಕೊಂಡೆ.

ಅಂಗಡಿಯಲ್ಲಿ ಗಾರ್ಡುಗಳನ್ನು ಮಾವಿನ ತೋರಣದಂತೆ ಸಾಲಾಗಿ ತೂಗುಹಾಕಿದ್ದರು. ಅಂಗಡಿಯವರು ಮರಾಠಿಯಲ್ಲಿ ಶುರು ಮಾಡಿ ನಮ್ಮ ಮಾತು ಕೇಳಿ ಕನ್ನಡಕ್ಕೆ ತಿರುಗಿದರು. ಒಂದು ಕಪ್ಪು ಗಾರ್ಡನ್ನು ಇಳಿಸಿ, ಹೊಳಪಿಲ್ಲ, ಪೈಪಿನ ಗೋಡೆ ದಪ್ಪ, ಕಂಪನಿಯದಲ್ಲ, ಕೊಲ್ಲಾಪುರದ ಕಡೆಯ ಮಾಲು ಎಂದರು. ಅಷ್ಟರಲ್ಲಿ ಅತ್ತೆ ಚೀಲಕ್ಕೆ ಕೈ ಹಾಕಿ ಸಿಪ್ಪೆ ಸುಲಿದ ತೆಂಗಿನಕಾಯಿ ಹೊರತೆಗೆದರು.

"ಮಾವಶಿ, ಗುಡಿ ಆ ಓಣಿಯಾಗ ಐತ್ರಿ," ಎಂದರು ಅಂಗಡಿಯವರು.

"ನನಗ ಗೊತ್ತೈತಿ. ನಿನ್ನ ಗಾರ್ಡ್ ಎಷ್ಟು ಖರೆ ಐತಿ ನೋಡಬೇಕಾಗೇತಿ."

"ಬಾಗಿದ್ರ?"

"ಬಾಗಿದ್ರ ತಗೊಳ್ಳಂಗಿಲ್ಲ. ಬಾಗಲಿಲ್ಲಂದ್ರ ಇಷ್ಟು ದೂರ ಬಂದೀವಂತ ನೀ ಒಂದಿಷ್ಟು ಕಡಿಮಿ ಮಾಡತಿ."

"ಹ್ಯಾಂಗಾದ್ರೂ ಲುಕ್ಸಾನ ನಂದ ಅಂದಂಗಾತು," ಎಂದು ಅವರು ನಕ್ಕು ಗಾರ್ಡನ್ನು ಹೊರಗೆ ತಂದು ಮೆಟ್ಟಿಲಿಗೆ ಒರಗಿಸಿದರು. ನಮ್ಮವರು ನಾಚಿಕೆಯಿಂದ ಆಚೆ ಮುಖ ಮಾಡಿ ನಿಂತಿದ್ದರು. ಅತ್ತೆ ಅವರನ್ನೇ ಕರೆದು ಗಾರ್ಡು ಹಿಡಿಸಿದರು. ಪಕ್ಕದ ಟಯರ್ ಅಂಗಡಿಯವರೂ ಎದುರಿನ ಚಹಾದವರೂ ಬಂದು ನಿಂತರು. ಅತ್ತೆ ಸೆರಗು ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ, ತಾಯಿಯ ಹೆಸರು ಹೇಳಿ ಒಂದೇ ಪೆಟ್ಟು ಕೊಟ್ಟರು. ಕಾಯಿ ಎರಡಾಯಿತು. ನೀರು ನಮ್ಮವರ ಅಂಗಿಗೆಲ್ಲ ಸಿಡಿಯಿತು. ಗಾರ್ಡಿನ ಮೇಲೆ ಉಗುರಿನಷ್ಟು ಬಣ್ಣ ಎದ್ದಿತ್ತು, ಅಷ್ಟೇ. ಅಂಗಡಿಯವರು ಒಳಗಿಂದ ಚಾಕು ತಂದು ಕಾಯಿಯನ್ನು ತುಂಡು ಮಾಡಿ ನೋಡಲು ಬಂದವರಿಗೆಲ್ಲ ಹಂಚಿದರು.

ನನಗೆ ಇನ್ನೂ ಒಂದು ಅನುಮಾನವಿತ್ತು. ಪೈಪು ಗಟ್ಟಿಯಿದೆ, ಸರಿ. ಆದರೆ ಗಾಡಿ ಬಿದ್ದಾಗ ಕಾಲಿಗೆ ಜಾಗ ಉಳಿಯುತ್ತದೆಯೇ? ಹಳೆಯ ಗಾರ್ಡು ಎಂಜಿನ್ನಿಗೆ ಅಂಟಿಕೊಂಡಂತೆ ಕಿರಿದಾಗಿತ್ತು, ಒಂದೇ ಪಟ್ಟಿಯ ಮೇಲೆ ನಿಂತಿತ್ತು. ಇದನ್ನು ಕೆಳಗೆ ಎಂಜಿನ್ನಿನ ಬೋಲ್ಟಿಗೂ ಮೇಲೆ ಚಾಸಿಯ ಪೈಪಿಗೂ ಬಿಗಿದರು. ಬಿಗಿದ ಮೇಲೆ ಗಾಡಿಯನ್ನು ಒಮ್ಮೆ ಮಲಗಿಸಿ ತೋರಿಸಿ ಎಂದು ನಾನು ಕೇಳಿದೆ. ನಮ್ಮವರು, ನೀವು ಅತ್ತೆ ಸೊಸೆ ಸೇರಿ ನಿಪ್ಪಾಣಿಯಲ್ಲಿ ನಾನು ಮತ್ತೆ ಮುಖ ತೋರಿಸದ ಹಾಗೆ ಮಾಡುತ್ತೀರಿ ಎಂದು ಗೊಣಗಿದರು. ಅಂಗಡಿಯವರು ಮಾತ್ರ ಗೋಣಿಚೀಲ ಹಾಸಿದರು. ಗಾಡಿಯನ್ನು ಎಡಕ್ಕೆ ನಿಧಾನವಾಗಿ ಮಲಗಿಸಿದೆವು. ಅದು ಗಾರ್ಡಿನ ಬಳೆಯ ಮೇಲೆ ಬಂದು ನಿಂತಿತು. ಎಂಜಿನ್ನಿಗೂ ನೆಲಕ್ಕೂ ನಡುವೆ ಜಾಗ ಉಳಿದಿತ್ತು. ನಾನು ಕುಳಿತು ಅದರೊಳಗೆ ಕೈ ಹಾಕಿದೆ. ಮೊಣಕೈವರೆಗೆ ಹೋಯಿತು. ನನ್ನ ಕೈಬಳೆ ಕೂಡ ಎಲ್ಲೂ ತಾಗಲಿಲ್ಲ.

ಆ ಜಾಗವನ್ನು ನಾನು ಅಂದು ಮುಟ್ಟಿ ನೋಡಿದ್ದೆ. ಅದಕ್ಕೇ ಇರಬೇಕು, ಮುಂದೆ ನಡೆದದ್ದು ನನ್ನೊಳಗೆ ಇಷ್ಟು ಸ್ಪಷ್ಟವಾಗಿ ಮತ್ತೆ ಮತ್ತೆ ನಡೆಯುತ್ತದೆ.

ಗಾರ್ಡಿನ ರೂಪ ನಮ್ಮವರಿಗೆ ಹಿಡಿಸಿರಲಿಲ್ಲ. ಕಿಟಕಿಯ ಸರಳಿನಂತಿದೆ ಎನ್ನುತ್ತಿದ್ದರು. ಆದರೂ ಒಂದೆರಡು ವಾರದಲ್ಲಿ ಅದರ ಮೇಲೆ ಕಾಲು ಚಾಚಿ ಹೋಗುವ ಸುಖ ಕಂಡುಕೊಂಡರು. ಹಾಗೆ ಚಾಚಬೇಡಿ, ಅದು ಕಾಲು ಇಡುವ ಮಣೆಯಲ್ಲ ಎಂದು ನಾನು ಬೈಯುವುದೂ ದಿನದ ರೂಢಿಯಾಯಿತು.

ಕಬ್ಬಿನ ಸುಗ್ಗಿ ಶುರುವಾಯಿತು. ನಮ್ಮ ಕಡೆ ಆ ದಿನಗಳಲ್ಲಿ ರಸ್ತೆ ಜನರದ್ದಲ್ಲ, ಕಬ್ಬಿನದು. ಒಂದೊಂದು ಟ್ರ್ಯಾಕ್ಟರಿನ ಹಿಂದೆ ಎರಡೆರಡು ಟ್ರ್ಯಾಲಿ, ಮನೆಯ ಎತ್ತರಕ್ಕೆ ಹೇರಿದ ಕಬ್ಬು, ಮೇಲೆ ಕಬ್ಬು ಕಡಿಯುವ ಗ್ಯಾಂಗಿನವರು, ಮುಂದೆ ಎದೆ ನಡುಗಿಸುವ ಹಾಡು. ಜಾರಿ ಬಿದ್ದ ಕಬ್ಬಿನ ಮೇಲೆ ಚಕ್ರಗಳು ಹರಿದು, ರಸ ಸೋರಿ, ಡಾಂಬರು ಕೆಲವು ಕಡೆ ಬೆಣ್ಣೆ ಸವರಿದಂತಾಗಿರುತ್ತದೆ. ನಮಗೆಲ್ಲ ಇದು ಗೊತ್ತು. ಗೊತ್ತಿದ್ದೂ ಹೋಗುತ್ತೇವೆ, ಬೇರೆ ರಸ್ತೆ ಇಲ್ಲ.

ಅಂದು ಅತ್ತೆಯ ತವರಾದ ಕೊಕಟನೂರಿಗೆ ಹೋಗಿ, ಗುಡಿಗೂ ಹೋಗಿ, ಅಥಣಿಯಲ್ಲಿ ಹೊಲಿಯಲು ಕೊಟ್ಟಿದ್ದ ಚಪ್ಪಲಿ ಇಸಿದುಕೊಂಡು ಮರಳುತ್ತಿದ್ದೆವು. ರಜೆಯ ದಿನವೆಂದು ನಮ್ಮವರು ಬೂಟು ಬಿಟ್ಟು ಹೊಸ ಚಪ್ಪಲಿಯನ್ನೇ ಮೆಟ್ಟಿಕೊಂಡಿದ್ದರು. ಕೃಷ್ಣಾ ದಾಟಿ ರಾಯಬಾಗದ ಕಡೆಗೆ ಬರುವಾಗ ಒಂದು ಹಳ್ಳಕ್ಕೆ ಇಳಿಯುವ ಇಳಿಜಾರಿದೆ. ಬಿಸಿಲು ಇಳಿಮುಖವಾಗಿತ್ತು. ಮುಂದೆ ಒಂದು ಕಬ್ಬಿನ ಟ್ರ್ಯಾಕ್ಟರು, ಅದರ ಹಿಂದೆ ನಮ್ಮವರು, ಅವರ ಹಿಂದೆ ನಾನು, ನನ್ನ ಹಿಂದೆ ಅತ್ತೆ. ನಮಗೂ ಹಿಂದೆ, ಇಳಿಜಾರಿನ ತುದಿಯಲ್ಲಿ, ಇನ್ನೊಂದು ಟ್ರ್ಯಾಕ್ಟರು. ಅದರ ಹಾಡು ಮಾತ್ರ ನಮಗೆ ಕೇಳುತ್ತಿತ್ತು.

ಮುಂದಿನ ಟ್ರ್ಯಾಲಿಯಿಂದ ಒಂದು ಹಿಡಿ ಕಬ್ಬು ಜಾರಿತು. ಅದು ಬೀಳುವುದನ್ನು ನಾನು ನೋಡಿದೆ. ಸಾವಕಾಶವಾಗಿ, ಯಾರೋ ಕೈಯಿಂದ ಕೆಳಗಿಟ್ಟಂತೆ ಬಿತ್ತು. ನಮ್ಮವರ ಮುಂದಿನ ಚಕ್ರ ಅದರ ಮೇಲೆ ಹೋಯಿತು. ಬೈಕು ಎಡಕ್ಕೆ ಮಲಗಿತು, ನಿಪ್ಪಾಣಿಯ ಅಂಗಡಿಯ ಮುಂದೆ ಮಲಗಿದ ಹಾಗೆಯೇ. ಗಾರ್ಡು ಡಾಂಬರಿಗೆ ಉಜ್ಜಿ ಕಿಡಿ ಹಾರಿತು. ಸ್ವಲ್ಪ ದೂರ ಜಾರಿ ನಿಂತಿತು. ನಮ್ಮವರ ಎಡಗಾಲು ಅದರ ಕೆಳಗಿತ್ತು. ಹೆಲ್ಮೆಟ್ಟಿನೊಳಗಿನಿಂದ ಅವರು ನನ್ನ ಕಡೆ ನೋಡಿದರು. ನೋಡಿದ್ದು ನನ್ನನ್ನಲ್ಲ, ನನ್ನ ಹಿಂದಿನದನ್ನು ಎಂದು ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು.

ಹಾಡು ಹತ್ತಿರ ಬರುತ್ತಿತ್ತು.

ನಾನು ಸ್ಕೂಟರನ್ನು ಬದಿಗೆ ತಂದು ನಿಲ್ಲಿಸಿದ್ದೆ. ಇಳಿಯಬೇಕಿತ್ತು, ಓಡಬೇಕಿತ್ತು. ನನ್ನ ಹೆಬ್ಬೆರಳು ಹಾರ್ನಿನ ಮೇಲೆ ಕೂತಿತ್ತು, ತೆಗೆಯಲು ಬರಲಿಲ್ಲ. ಅತ್ತೆ ಮಾತ್ರ ಇಳಿದಿದ್ದರು. ಮಗನ ಕಡೆಗೆ ಹೋಗಲಿಲ್ಲ ಅವರು; ಟ್ರ್ಯಾಕ್ಟರಿಗೆ ಎದುರಾಗಿ ಏರಿನ ಕಡೆಗೆ ಓಡಿದರು, ಗುಡಿಯ ಪ್ರಸಾದದ ಚೀಲವನ್ನು ತಲೆಯ ಮೇಲೆ ಬೀಸುತ್ತಾ. ನಾನು ಬೈಕಿನ ಕೆಳಗಿನ ಆ ಸಂದನ್ನೇ ನೋಡುತ್ತಿದ್ದೆ. ನನ್ನ ಮೊಣಕೈ ಹೋಗಿದ್ದ ಜಾಗ. ಅದರೊಳಗೆ ನಮ್ಮವರ ಕಾಲು ಅಲುಗಿತು. ಒಮ್ಮೆ ಎಳೆದರು, ಚಪ್ಪಲಿ ಸಿಕ್ಕಿಕೊಂಡಿತು. ಇನ್ನೊಮ್ಮೆ ಎಳೆದರು. ಚಪ್ಪಲಿಯ ಉಂಗುರ ಹರಿದು, ಅದು ರಸ್ತೆಯ ನಡುವಿಗೆ ಹಾರಿ ಬಿತ್ತು. ಕಾಲು ಹೊರಗೆ ಬಂತು. ಅವರು ಉರುಳುತ್ತಾ ಬದಿಯ ಹುಲ್ಲಿಗೆ ಬಂದರು.

ಟ್ರ್ಯಾಕ್ಟರಿನವನು ಅತ್ತೆಯನ್ನು ನೋಡಿ ಬಲಕ್ಕೆ ಎಳೆದಿದ್ದ. ಆ ಕ್ಷಣದಲ್ಲಿ ಎದುರಿನಿಂದ ಯಾರೂ ಬರಲಿಲ್ಲ, ಅದಕ್ಕೆ ಯಾರಿಗೆ ಕೈಮುಗಿಯಲಿ ಎಂದು ಇನ್ನೂ ಹುಡುಕುತ್ತಿದ್ದೇನೆ. ಟ್ರ್ಯಾಕ್ಟರು ಬದಿಯ ಮಣ್ಣಿಗೆ ಇಳಿಯಿತು, ಮೊದಲ ಟ್ರ್ಯಾಲಿ ಅದರ ಹಿಂದೆ ಹೋಯಿತು. ಎರಡನೆಯದು ಬಾಲ ಬೀಸಿದಂತೆ ಇತ್ತ ಬೀಸಿ, ಬೈಕಿನ ಹ್ಯಾಂಡಲಿಗೆ ತಾಗಿ, ಚಪ್ಪಲಿಯ ಮೇಲೆ ಹರಿದು, ಮುಂದೆ ಹೋಗಿ ನಿಂತಿತು. ಹಾಡು ನಿಂತಿತು. ನನ್ನ ಹಾರ್ನು ಮಾತ್ರ ನಿಲ್ಲಲಿಲ್ಲ. ಅತ್ತೆ ಬಂದು ನನ್ನ ಹೆಬ್ಬೆರಳನ್ನು ಎತ್ತಿ ಸರಿಸಿದರು.

ಗಾರ್ಡು ಟ್ರ್ಯಾಕ್ಟರನ್ನು ತಡೆಯಲಿಲ್ಲ. ಅಂಥ ಗಾರ್ಡು ಎಲ್ಲಿಯೂ ಸಿಗುವುದಿಲ್ಲ. ಅದು ತಡೆದದ್ದು ಬೈಕಿನ ಭಾರವನ್ನು ಮಾತ್ರ, ಒಂದು ಕಾಲು ಎಳೆದುಕೊಳ್ಳುವಷ್ಟು ಹೊತ್ತು. ನಮಗೆ ಬೇಕಾಗಿದ್ದದ್ದೂ ಅಷ್ಟೇ. ಹೊಳೆಯುತ್ತಿದ್ದ ಆ ಮೊದಲಿನದು ಇದ್ದಿದ್ದರೆ ಎಂಬ ಯೋಚನೆ ಬಂದಾಗಲೆಲ್ಲ ನಾನು ಎದ್ದು ನೀರು ಕುಡಿಯುತ್ತೇನೆ.

ಟ್ರ್ಯಾಲಿಯ ಮೇಲಿಂದ ಗ್ಯಾಂಗಿನವರು ಇಳಿದು ಬಂದರು. ಗಡಿಯಾಚೆಯಿಂದ ಸುಗ್ಗಿಗೆ ಬರುವವರು, ಮರಾಠಿ ಮಾತಿನವರು. ಗಂಡಸರು ಬೈಕು ಎತ್ತಿದರು, ರಸ್ತೆಯ ಕಬ್ಬು ಬದಿಗೆ ಸರಿಸಿದರು. ಒಬ್ಬ ಹೆಂಗಸು ತಮ್ಮ ನೀರಿನ ಬಾಟಲಿ ತಂದು ನನ್ನ ಕೈಗೆ ಕೊಟ್ಟಳು. ನಾನು ಅಳುತ್ತಿದ್ದೇನೆ ಎಂದು ನನಗೆ ಗೊತ್ತಾದದ್ದು ಅವಳ ಮಾತಿನಿಂದಲೇ. "ಪಾಯ್ ಹಾಯ್ ನಾ? ಮಗ ರಡತೇಸ್ ಕಶಾಲಾ?" ಎಂದಳು. ಕಾಲು ಇದೆಯಲ್ಲ, ಮತ್ತೆ ಯಾಕೆ ಅಳುತ್ತೀ ಎಂದು. ಅವಳ ಅಂಗೈ ಕಬ್ಬಿನ ಗರಿಗೆ ಗೀರಿ ಗೀರಿ ಒರಟಾಗಿತ್ತು. ಆ ಕೈಯಿಂದ ನನ್ನ ಕೆನ್ನೆ ಒರೆಸಿದಳು.

ಟ್ರ್ಯಾಕ್ಟರಿನವನು ಇಳಿದು ದೂರವೇ ನಿಂತಿದ್ದ. ಮೀಸೆ ಈಚೆಗೆ ಬಂದ ತರುಣ. ಅತ್ತೆ ನೇರವಾಗಿ ಅವನ ಕಡೆಗೆ ಹೋದರು.

"ಬ್ರೇಕ ಹತ್ತಲಿಲ್ರಿ ಆಯಿ. ಲೋಡ್ ಹಿಂದಿಂದ ನೂಕಿತ್ರಿ," ಎಂದ ಅವನು. ಹಲ್ಲು ಕಟಕಟ ಅನ್ನುತ್ತಿತ್ತು.

"ಹಾಡ ಅಷ್ಟ ಜೋರ ಹಚ್ಚಿದ್ರ ಬ್ರೇಕಿಗೂ ಕಿವಿ ಕೇಳಂಗಿಲ್ಲ," ಎಂದರು ಅತ್ತೆ. "ಮದಲ ನೀರ ಕುಡಿ. ಆಮ್ಯಾಲ ಬೈತೀನಿ ನಿನ್ನ."

ಅವನು ಕುಡಿದ. ಅವರು ಬೈಯಲಿಲ್ಲ. ಚೀಲದಿಂದ ಪ್ರಸಾದದ ಕಾಯಿಯ ಹೋಳು ತೆಗೆದು ಅವನ ಕೈಯಲ್ಲಿಟ್ಟು, ನೀ ಹೊರಳಿಸದಿದ್ದರೆ ನನ್ನ ಮಗ ಇರುತ್ತಿರಲಿಲ್ಲ ಎಂದಷ್ಟೇ ಹೇಳಿದರು. ಆಗ ಅವನೂ ಅತ್ತ.

ಚಿಕ್ಕೋಡಿಯಲ್ಲಿ ಡಾಕ್ಟರು ಎಕ್ಸ್‌ರೇ ಫೋಟೋ ತೆಗೆಸಿ ನೋಡಿ, ಎಲುಬಿಗೆ ಏನೂ ಆಗಿಲ್ಲ, ಹಿಮ್ಮಡಿ ಬಾತಿದೆ, ಕೆಲವು ದಿನ ಕಂಬ ಹತ್ತಬೇಡಿ ಎಂದರು. ಕೆಲವು ದಿನ ಎಂಬ ಆ ಮಾತನ್ನು ಅವರು ಎಷ್ಟು ಸಹಜವಾಗಿ ಹೇಳಿದರೆಂದರೆ, ನಾನು ಎದ್ದು ಅವರ ಕಾಲಿಗೆ ನಮಸ್ಕಾರ ಮಾಡಿಬಿಟ್ಟೆ. ಅವರು ಗಾಬರಿಯಾದರು. ದೂರು ಬರೆದುಕೊಳ್ಳುವ ಸಾಹೇಬರು ಕೋಲು ಊರಿಕೊಂಡು ಮನೆಗೆ ಬಂದು, ಕುರ್ಚಿ ಒಂದೇ ಇದೆ, ನಿನಗೆ ಬಿಟ್ಟುಕೊಡುವುದಿಲ್ಲ ಎಂದು ನಮ್ಮವರನ್ನು ಚೇಷ್ಟೆ ಮಾಡಿ ಹೋದರು. ಹೋಗುವಾಗ ಅವರು ಬೈಕಿನ ಬಳಿ ನಿಂತು, ಬಿದ್ದ ಪೆಟ್ಟಿಗೆ ಬಾಗಿದ್ದ ಕಪ್ಪು ಗಾರ್ಡನ್ನು ಕೈಯಿಂದ ಸವರಿದ್ದನ್ನು ನಾನು ಬಾಗಿಲಿನಿಂದ ನೋಡಿದೆ.

ಆ ಗಾರ್ಡನ್ನು ಬಡಿದು ನೆಟ್ಟಗೆ ಮಾಡಿಸಿದರಾಯಿತು ಎಂದು ನಮ್ಮವರು ಅಂದರು. ನಿಪ್ಪಾಣಿಯವರಿಗೆ ಫೋನು ಮಾಡಿ ಕೇಳಿದಾಗ, ಒಮ್ಮೆ ಬಾಗಿದ್ದು ಮುಂದಿನ ಸಲ ನಿಲ್ಲುವುದಿಲ್ಲ, ಅದರ ಕೆಲಸ ಅದು ಮಾಡಿ ಮುಗಿಸಿದೆ ಎಂದರು. ಮತ್ತೆ ಮೂವರೂ ಹೋದೆವು, ಬಸ್ಸಿನಲ್ಲಿ. ಅಂಗಡಿಯ ಮೆಟ್ಟಿಲಿನ ಪಕ್ಕ ಈಗ ಒಂದು ಕಲ್ಲು ಇಟ್ಟಿದ್ದರು, ಅದಕ್ಕೆ ಅರಿಶಿನ ಕುಂಕುಮ ಹಚ್ಚಿತ್ತು. ನಾವು ಹೋದ ಮೇಲೆ ಗಿರಾಕಿಗಳು ತಾವೂ ಕಾಯಿ ಒಡೆದು ನೋಡುತ್ತೇವೆ ಎಂದು ಕೇಳತೊಡಗಿದರಂತೆ. ಅಂಗಡಿಯ ಮುಂದೆಲ್ಲ ಇರುವೆ. ಕಾಯಿ ಕಲ್ಲಿಗೆ ಒಡೆಯಿರಿ, ಗಾರ್ಡಿಗೆ ನಾನು ಸುತ್ತಿಗೆಯಿಂದ ಹೊಡೆದು ತೋರಿಸುತ್ತೇನೆ ಎಂದು ಎಲ್ಲರಿಗೂ ಹೇಳುತ್ತಾರಂತೆ. ನಡೆದದ್ದನ್ನೆಲ್ಲ ನಾನು ಹೇಳಿದೆ. ಅಂಗಡಿಯವರು ಒಳಗೆ ಹೋಗಿ ಅದೇ ಬಗೆಯ ಇನ್ನೊಂದು ಗಾರ್ಡು ತಂದರು. ಅತ್ತೆ ಈ ಸಲ ಕಡಿಮೆ ಮಾಡು ಎನ್ನಲಿಲ್ಲ. ಅದು ಅವರಿಗೆ ಎಷ್ಟು ದೊಡ್ಡ ವಿಷಯ ಎಂದು ನಮ್ಮ ಮನೆಯವರಿಗಷ್ಟೇ ಗೊತ್ತು.

ಬಾಗಿದ್ದು ಗುಜರಿಗೆ ಹೋಗಿಲ್ಲ. ದನದ ಕೊಟ್ಟಿಗೆಯ ಗೋಡೆಗೆ ತೂಗುಹಾಕಿದ್ದೇವೆ. ಟಯರಿನ ಅಚ್ಚಿನ ಚಪ್ಪಲಿಯನ್ನು ಮಾತ್ರ ಅತ್ತೆ ನನಗೆ ತಿಳಿಯದಂತೆ ಎಲ್ಲೋ ಹಾಕಿಬಿಟ್ಟರು. ಹಾಕಿದರೂ ಅದು ನನ್ನ ಕಣ್ಣಿನಿಂದ ಹೋಗಿಲ್ಲ. ಕಬ್ಬಿನ ಟ್ರ್ಯಾಕ್ಟರಿನ ಹಾಡು ದೂರದಲ್ಲಿ ಕೇಳಿದರೂ ನನ್ನ ಹೆಬ್ಬೆರಳು ಸೆಟೆಯುತ್ತದೆ.

ಅವರ ಕಾಲು ಗುಣವಾದ ಮೇಲೆ ಬಂದ ಅಮಾವಾಸ್ಯೆಗೆ ಅಂಗಳದಲ್ಲಿ ಗಾಡಿಗಳನ್ನು ತೊಳೆದು ನಿಲ್ಲಿಸಿದೆವು. ನಮ್ಮವರು ಬೆಳಗಿನ ಸರದಿ ಮುಗಿಸಿ ಬಂದಿದ್ದರು. ಆ ದಿನವೇ ಮೊದಲ ಸಲ ಮತ್ತೆ ಕಂಬ ಹತ್ತಿದ್ದು. ಮೇಲಿಂದ ಏನು ಕಂಡಿತು ಎಂದು ನಾನು ಕೇಳಲಿಲ್ಲ, ಮುಖದಲ್ಲೇ ಇತ್ತು. ಬೂಟು ಬಿಚ್ಚಿ, ಅಥಣಿಯಿಂದ ಮತ್ತೊಂದು ಜೊತೆ ಮಾಡಿಸಿ ತಂದಿದ್ದ ಚಪ್ಪಲಿ ಮೆಟ್ಟಿ, ಬೈಕಿನ ಪಕ್ಕ ನಿಂತರು. ಅತ್ತೆ ಎಲ್ಲ ಪೂಜೆ ಮುಗಿಸಿ, ಕಾಯಿಯನ್ನು ನನ್ನ ಕೈಗೆ ಕೊಟ್ಟರು.

"ಈ ಸಲ ನೀ ಒಡಿ."

ಕಲ್ಲಿನ ಕಡೆಗೆ ಹೊರಟ ನನ್ನನ್ನು ತಡೆದು ಅತ್ತೆ ಗಾರ್ಡಿನ ಕಡೆಗೆ ತಿರುಗಿಸಿದರು. ನಮ್ಮವರು ಇನ್ನೇನು ಬೇಡ ಎನ್ನುವವರಿದ್ದರು, ತಾಯಿಯ ಮುಖ ನೋಡಿ ಬೈಕು ಹಿಡಿದು ನಿಂತರು. ಮೊದಲ ಪೆಟ್ಟು ಬಡಿದಂತೆಯೇ ಇರಲಿಲ್ಲ. ಮನಸ್ಸಿನ ತಪ್ಪು ಎನ್ನುತ್ತಾರೆ ಎಂದುಕೊಂಡೆ. ಅತ್ತೆ ನನ್ನ ಮುಂಗೈಯನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡರು.

"ಜೋರಲೆ ಹೊಡಿ ಮಗಳ. ಅದಕ್ಕೇನೂ ಆಗಂಗಿಲ್ಲ."

ಹೊಡೆದೆವು. ಕಾಯಿ ಒಡೆಯಿತು. ಗಾರ್ಡು ಕದಲಲಿಲ್ಲ. ನೀರು ಪೂರ್ತಿ ನಮ್ಮವರ ಕಾಲ ಮೇಲೆ ಬಿತ್ತು.

"ನೋಡ ಬೇ ಅವ್ವಾ, ಹೊಸಾ ಚಪ್ಪಲಿ ಒದ್ದಿ ಆದೂ," ಎಂದರು ಅವರು.

ಅತ್ತೆ ಬಗ್ಗಿ ನೋಡಿದರು.

"ಎರಡೂ ಒದ್ದಿ ಆಗ್ಯಾವಿಲ್ಲ?" ಎಂದರು. "ಅಷ್ಟ ಸಾಕು."